ಒಂದೆಲೆಗೆ ಗಾಯ, ಗಿಡಕ್ಕೆಲ್ಲ ಸುದ್ದಿ

‘ಕತ್ತರಿಸಿದರೆ ಟೊಮೆಟೊ ಗಿಡ ಕಿರುಚುತ್ತದಂತೆ, ಹೌದೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಈ ಮಾತಿನ ಮೂಲ, 2023ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಪ್ರಕಟವಾದ ಟೆಲ್ ಅವೀವ್ ವಿಶ್ವವಿದ್ಯಾಲಯದ ಸಂಶೋಧನೆ. ನೀರಿಲ್ಲದೆ ಬಾಡಿದ ಅಥವಾ ಕಾಂಡ ಕತ್ತರಿಸಿದ ಟೊಮೆಟೊ, ತಂಬಾಕು ಗಿಡಗಳಿಂದ ಗಂಟೆಗೆ 30ರಿಂದ 50 ಸಲ ‘ಟಿಕ್’ ಎನ್ನುವ, ನಮ್ಮ ಕಿವಿಗೆ ನಿಲುಕದ ಸದ್ದು ಹೊಮ್ಮುವುದನ್ನು ಅಲ್ಲಿನವರು ದಾಖಲಿಸಿದ್ದರು. ಸದ್ದು ನಿಜ. ನೀರು ಸಾಗಿಸುವ ಕೊಳವೆಗಳಲ್ಲಿ ಗಾಳಿಗುಳ್ಳೆ ಒಡೆದಾಗ ಅದು ಹುಟ್ಟುತ್ತಿರಬಹುದು ಎಂದು ಅವರೇ ಸೂಚಿಸಿದ್ದಾರೆ. ಕಿರುಚಾಟವೆಂಬುದು ಆಮೇಲೆ ಅಂಟಿಕೊಂಡ ಬಣ್ಣ. ನರವೂ ಮಿದುಳೂ ಇಲ್ಲದ ಗಿಡಕ್ಕೆ ನಮ್ಮ ನೋವನ್ನು ಹೊರಿಸುವ ಆತುರದಲ್ಲಿ, ಗಾಯವಾದಾಗ ಅದು ನಿಜಕ್ಕೂ ಏನು ಮಾಡುತ್ತದೆ ಎಂಬ ಎಷ್ಟೋ ಪಾಲು ಸೊಗಸಾದ ಕಥೆ ಮೂಲೆಗುಂಪಾಗುತ್ತಿದೆ ಎಂಬುದೇ ನನ್ನ ಕೊರಗು.

ಆ ಕಥೆಯ ನಾಯಕ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ಲಾರೆನ್ಸ್ ರಯಾನ್. ಅವರೂ ಸಹೋದ್ಯೋಗಿ ಗ್ರೀನ್ ಅವರೂ ಆಲೂಗಡ್ಡೆ ಮತ್ತು ಟೊಮೆಟೊ ಗಿಡಗಳ ಮೇಲೆ ಕೊಲರಾಡೊ ಜೀರುಂಡೆಗಳನ್ನು ಮೇಯಲು ಬಿಟ್ಟರು. ಹುಳು ಕಡಿದ ಎಲೆಯಲ್ಲಿ ಪ್ರೋಟಿಯೇಸ್ ಪ್ರತಿರೋಧಕವೆಂಬ ಪ್ರೋಟೀನು ತುಂಬಿಕೊಂಡಿತು. ಅದಕ್ಕಿಂತ ಬೆರಗಿನ ಸಂಗತಿಯೆಂದರೆ, ಹುಳು ಮುಟ್ಟದ ದೂರದ ಎಲೆಗಳಲ್ಲೂ ಅದೇ ಪ್ರೋಟೀನು ಶೇಖರವಾಗಿತ್ತು. 1972ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಈ ಪ್ರತಿರೋಧಕದ ಕೆಲಸವನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ಎಷ್ಟೋ ಹುಳುಗಳ ಕರುಳಿನಲ್ಲಿ ಟ್ರಿಪ್ಸಿನ್, ಕೈಮೋಟ್ರಿಪ್ಸಿನ್‌ನಂಥ ಕಿಣ್ವಗಳು ಎಲೆಯ ಪ್ರೋಟೀನನ್ನು ಕತ್ತರಿಸಿ ಅರಗಿಸುತ್ತವೆ. ಈ ಕಿಣ್ವವನ್ನು ಬೀಗ ಎಂದುಕೊಳ್ಳಿ. ಪ್ರತಿರೋಧಕ ಅದರೊಳಗೆ ಸಲೀಸಾಗಿ ತೂರುವ ಕೀಲಿಕೈ. ಆದರೆ ಒಳಹೊಕ್ಕ ಮೇಲೆ ತಿರುಗುವುದಿಲ್ಲ, ಈಚೆಗೂ ಬರುವುದಿಲ್ಲ, ಮುರಿದು ಸಿಕ್ಕಿಕೊಂಡಂತೆ ಕುಳಿತುಬಿಡುತ್ತದೆ. ಬೀಗ ಕೆಟ್ಟಿತೆಂದು ಹುಳುವಿನ ಕರುಳು ಹೊಸ ಬೀಗಗಳನ್ನು ಮಾಡುತ್ತದೆ, ಅವಕ್ಕೂ ಅದೇ ಗತಿ. ಹೊಟ್ಟೆ ತುಂಬ ಎಲೆ ಇದ್ದರೂ ಪೋಷಣೆಯಿಲ್ಲ. ಸಾಲದ್ದಕ್ಕೆ, ಕಿಣ್ವ ಮಾಡಲು ಬಳಸಿದ ಅಮೈನೊ ಆಮ್ಲಗಳೂ ದಂಡ. ಹುಳು ಸೊರಗುತ್ತದೆ. ಇಂಥ ಕೀಲಿಕೈಗಳು ಕಾಳುಗಳಲ್ಲಿ ಹುಟ್ಟಿನಿಂದಲೇ ಇರುತ್ತವೆ. ಸೋಯಾ ಕಾಳನ್ನು ಚೆನ್ನಾಗಿ ಬೇಯಿಸಿ ತಿನ್ನಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ನಮ್ಮ ಹುರುಳಿಕಾಳಿನಲ್ಲಿ ಎರಡು ತಲೆಯ ಪ್ರತಿರೋಧಕವಿದೆ: ಒಂದು ತಲೆ ಟ್ರಿಪ್ಸಿನ್ನಿಗೆ, ಇನ್ನೊಂದು ಕೈಮೋಟ್ರಿಪ್ಸಿನ್ನಿಗೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಅದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ.

ಆದರೆ ಗಾಯದ ಸುದ್ದಿ ಆಚೆ ಎಲೆಗೆ ಮುಟ್ಟಿದ್ದು ಹೇಗೆ? ಈ ಒಂದು ಪ್ರಶ್ನೆಗೆ ರಯಾನ್ ಸುಮಾರು ಎರಡು ದಶಕ ಅಂಟಿಕೊಂಡರು. ಜೀವಕೋಶದ ಗೋಡೆಯಿಂದ ಕಳಚಿದ ಸಕ್ಕರೆಯ ತುಣುಕುಗಳೇ ದೂತರೆಂದು ಕೆಲಕಾಲ ತೋರಿತ್ತು. ಆದರೆ ಅವು ಗಾಯದ ಜಾಗ ಬಿಟ್ಟು ಹೆಚ್ಚು ದೂರ ಹೋಗಲಾರವು. ಕೊನೆಗೆ ಒಂದರ ಹಿಂದೊಂದು ಎರಡು ಉತ್ತರ ಬಂದವು.

ಮೊದಲನೆಯದು ಗಾಳಿಯಲ್ಲಿ ಬಂತು. ಸೇಜ್‌ಬ್ರಷ್ ಎಂಬುದು ಅಮೆರಿಕದ ಪಶ್ಚಿಮ ಬಯಲಿನ ಘಮಘಮಿಸುವ ಪೊದೆ, ನಮ್ಮ ದವನದ ಕುಲದ್ದೇ. ಅದರ ಕೊಂಬೆಗಳನ್ನು ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಟೊಮೆಟೊ ಸಸಿಯ ಜೊತೆಗಿಟ್ಟಾಗ, ಗಾಯವೇ ಆಗದ ಟೊಮೆಟೊ ಎಲೆಗಳು ಪ್ರತಿರೋಧಕ ತಯಾರಿಸಿದವು. ಆ ವಾಸನೆಯಲ್ಲಿದ್ದ ದೂತ ಮೀಥೈಲ್ ಜಾಸ್ಮೊನೇಟ್. 1962ರಲ್ಲಿ ಜಾಜಿ ಹೂವಿನ ತೈಲದಲ್ಲಿ ಸಿಕ್ಕಿ, ಮೊದಮೊದಲು ಪರಿಮಳದವರ ಸ್ವತ್ತಾಗಿದ್ದ ವಸ್ತು ಅದು. ಎಡ್ವರ್ಡ್ ಫಾರ್ಮರ್ ಮತ್ತು ರಯಾನ್ 1990ರಲ್ಲಿ ಇದನ್ನು ಪ್ರಕಟಿಸಿದರು.

ಮರುವರ್ಷ ಎರಡನೆಯದು. ಗ್ರೆಗರಿ ಪಿಯರ್ಸ್ ಮತ್ತು ಸಂಗಡಿಗರು ರಾಶಿ ರಾಶಿ ಟೊಮೆಟೊ ಎಲೆ ಅರೆದು, ಸೋಸಿ, ಬೇರ್ಪಡಿಸಿ ಕೇವಲ 18 ಅಮೈನೊ ಆಮ್ಲಗಳ ಒಂದು ಸರಪಣಿಯನ್ನು ಹಿಡಿದರು. ಅದಕ್ಕೆ ಸಿಸ್ಟಮಿನ್ ಎಂದು ಹೆಸರಾಯಿತು. ಗಿಡಗಳಲ್ಲಿ ಪೆಪ್ಟೈಡ್ ಹಾರ್ಮೋನು ಸಿಕ್ಕಿದ್ದು ಅದೇ ಮೊದಲು. ಆಕ್ಸಿನ್, ಎಥಿಲೀನ್‌ನಂಥ ಪುಟ್ಟ ಅಣುಗಳಷ್ಟೇ ಗಿಡದ ಹಾರ್ಮೋನುಗಳು ಎಂಬ ಪಠ್ಯಪುಸ್ತಕದ ಮಾತು ಅಲ್ಲಿಗೆ ಮುಗಿಯಿತು. ಊರೂರು ತಿರುಗುವ ದೂತ ಸಿಸ್ಟಮಿನ್ನೇ ಎಂದು ಎಲ್ಲರೂ ನಂಬಿದರು.

ಆ ನಂಬಿಕೆಯನ್ನು ತಿದ್ದಿದ್ದು ರೈತರ ಹಳೆಯ ವಿದ್ಯೆಯಾದ ಕಸಿ. 2002ರಲ್ಲಿ ಮಿಷಿಗನ್‌ನ ಗ್ರೆಗ್ ಹೋವ್ ಅವರ ತಂಡ, ಜಾಸ್ಮೊನೇಟ್ ತಯಾರಿಸಲಾರದ ಟೊಮೆಟೊ ಮತ್ತು ಜಾಸ್ಮೊನೇಟ್ ಬಂದರೂ ಅರಿಯಲಾರದ ಟೊಮೆಟೊಗಳನ್ನು ಸಾಮಾನ್ಯ ಗಿಡಗಳಿಗೆ ಕಸಿ ಕಟ್ಟಿ, ಕೆಳಗಿನ ಎಲೆಗೆ ಗಾಯ ಮಾಡಿ ಮೇಲಿನದನ್ನು ಪರೀಕ್ಷಿಸಿತು. ಗಾಯದ ಜಾಗದಲ್ಲಿ ಜಾಸ್ಮೊನೇಟ್ ತಯಾರಾಗದಿದ್ದರೆ ಸುದ್ದಿ ಹೊರಡುವುದೇ ಇಲ್ಲ. ಮೇಲಿನ ಎಲೆ ಅದನ್ನು ಅರಿಯದಿದ್ದರೆ ಸುದ್ದಿ ಬಂದೂ ವ್ಯರ್ಥ. ಅಂದರೆ ದೂರ ಸಾಗುವ ಕೆಲಸ ಜಾಸ್ಮೊನೇಟ್ ಬಳಗದ್ದು, ಸಿಸ್ಟಮಿನ್ ಗಾಯದ ಸುತ್ತ ಅದರ ತಯಾರಿಕೆಯನ್ನು ಹೆಚ್ಚಿಸುತ್ತದೆ. ಇಷ್ಟು ಸರಳ ಉಪಾಯದಿಂದ ಇಷ್ಟು ಸ್ಪಷ್ಟ ಉತ್ತರ ಪಡೆದ ಪ್ರಯೋಗ ನನಗೆ ಬಹಳ ಪ್ರಿಯ.

ಜಾಸ್ಮೊನೇಟಿನ ಕಚ್ಚಾವಸ್ತು ಎಲೆಯ ಪೊರೆಗಳಲ್ಲಿರುವ ಲಿನೊಲೆನಿಕ್ ಆಮ್ಲ ಎಂಬ ಕೊಬ್ಬು. ಹುಲ್ಲು ಕತ್ತರಿಸಿದಾಗ ಏಳುವ ಹಸಿರು ವಾಸನೆ ಹುಟ್ಟುವುದೂ ಹೆಚ್ಚಾಗಿ ಅದೇ ಕೊಬ್ಬಿನಿಂದ, ದಾರಿ ಮಾತ್ರ ನಡುವೆ ಕವಲೊಡೆಯುತ್ತದೆ. ನಮ್ಮ ದೇಹದಲ್ಲಿ ಊತ, ನೋವುಗಳಿಗೆ ಕಾರಣವಾಗುವ ಪ್ರೊಸ್ಟಗ್ಲಾಂಡಿನ್‌ಗಳೂ ಇಂಥದೇ ಕೊಬ್ಬಿನಾಮ್ಲದಿಂದ ಬರುತ್ತವೆ. ಅವುಗಳ ತಯಾರಿಕೆಯನ್ನು ತಡೆಯುವ ಆಸ್ಪಿರಿನ್ ಕೊಟ್ಟ ಟೊಮೆಟೊ ಗಾಯವಾದರೂ ಪ್ರತಿರೋಧಕ ತಯಾರಿಸುವುದಿಲ್ಲ ಎಂದು 1988ರಲ್ಲೇ ಗೊತ್ತಾಗಿತ್ತು. ಗಿಡಕ್ಕೂ ತಲೆನೋವು ಎಂದು ಇದರಿಂದ ಹೊರಟುಬಿಡಬಾರದು. ಗಿಡದಲ್ಲಿ ಆಸ್ಪಿರಿನ್ ತಡೆಯುವ ಕಿಣ್ವವೇ ಬೇರೆ.

ಸುದ್ದಿಯ ವೇಗ ಮಾತ್ರ ಕೇವಲ ಅಣುಗಳ ನಡಿಗೆಯಿಂದ ಬರುವಂಥದ್ದಲ್ಲ. ಮುಟ್ಟಿದರೆ ಮುನಿಯಲ್ಲಿ ವಿದ್ಯುತ್ ಸಂಕೇತ ಸಾಗುವುದನ್ನು ಜಗದೀಶಚಂದ್ರ ಬೋಸ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಅಳೆದಿದ್ದರು. 2013ರಲ್ಲಿ ಅದೇ ಫಾರ್ಮರ್, ಈ ಸಲ ಸ್ವಿಟ್ಜರ್ಲೆಂಡಿನ ಲೊಸಾನ್‌ನಿಂದ, ಗಾಯದ ವಿದ್ಯುತ್ ಸಂಕೇತ ಎಲೆಯಿಂದೆಲೆಗೆ ಸಾಗಲು ಗ್ಲುಟಾಮೇಟ್ ಗ್ರಾಹಕಗಳನ್ನು ಹೋಲುವ ಪ್ರೋಟೀನುಗಳು ಬೇಕೆಂದು ತೋರಿಸಿದರು. 2018ರಲ್ಲಿ ತೊಯೋತಾ ಮತ್ತು ಗಿಲ್ರಾಯ್ ಆ ಸುದ್ದಿಯನ್ನು ಕಣ್ಣಿಗೇ ಕಾಣಿಸಿದರು. ಕ್ಯಾಲ್ಸಿಯಂ ಏರಿದಲ್ಲಿ ಹೊಳೆಯುವಂತೆ ಮಾಡಿದ ಅರಾಬಿಡಾಪ್ಸಿಸ್ ಗಿಡದ ಎಲೆಯನ್ನು ಹುಳು ಕಡಿಯುತ್ತದೆ, ಬೆಳಕಿನ ಅಲೆ ಸೆಕೆಂಡಿಗೆ ಸುಮಾರು 1 ಮಿಲಿಮೀಟರ್ ವೇಗದಲ್ಲಿ ತೊಟ್ಟು ದಾಟಿ ಬೇರೆ ಎಲೆಗಳಿಗೆ ಹರಿಯುತ್ತದೆ. ಅಲೆ ಮುಟ್ಟಿದ ಎಲೆಯಲ್ಲಿ ಜಾಸ್ಮೊನೇಟ್ ಏರುತ್ತದೆ. ಆಗ ಜಾಜ್ ಎಂಬ ಪ್ರೋಟೀನುಗಳು ನಾಶವಾಗಿ, ಅವು ಅದುಮಿಟ್ಟಿದ್ದ ರಕ್ಷಣೆಯ ಜೀನುಗಳು ಕೆಲಸ ಶುರುಮಾಡುತ್ತವೆ.

ಹಾಗಾದರೆ ಹೊಲಕ್ಕೆಲ್ಲ ಜಾಸ್ಮೊನೇಟ್ ಸಿಂಪಡಿಸಿ ಕೀಟನಾಶಕ ಬಿಟ್ಟುಬಿಡಬಹುದಲ್ಲ ಎನ್ನುವವರಿದ್ದಾರೆ. 1999ರಲ್ಲಿ ಕ್ಯಾಲಿಫೋರ್ನಿಯಾದ ಟೊಮೆಟೊ ಹೊಲಗಳಲ್ಲಿ ಜೆನಿಫರ್ ಥೇಲರ್ ಸಿಂಪಡಿಸಿ ನೋಡಿದಾಗ, ಮರಿಹುಳುಗಳ ಮೈಯಲ್ಲಿ ಮೊಟ್ಟೆಯಿಡುವ ಪರೋಪಜೀವಿ ಕಣಜಗಳ ಹಾವಳಿ ಹುಳುಗಳ ಮೇಲೆ ಸುಮಾರು ಇಮ್ಮಡಿಯಾಗಿತ್ತು. ಆಶೆ ಹುಟ್ಟಿಸುವ ಫಲಿತಾಂಶವೇ. ಆದರೆ ರಕ್ಷಣೆಗೆ ಸುರಿದ ಸಾರ ಬೆಳವಣಿಗೆಗೆ ಉಳಿಯುವುದಿಲ್ಲ. ಜಾಸ್ಮೊನೇಟ್ ಸವರಿದ ಟೊಮೆಟೊ ಗಿಡಗಳಲ್ಲಿ ಹಣ್ಣಿನ ಸಂಖ್ಯೆ ಕಡಿಮೆಯಾಗಿ, ಮಾಗಲು ಹೆಚ್ಚು ದಿನ ಹಿಡಿದದ್ದನ್ನು 2001ರ ಅಧ್ಯಯನವೊಂದು ದಾಖಲಿಸಿದೆ. ಹುಳುಗಳೂ ಸುಮ್ಮನಿಲ್ಲ. ಜೋಳದ ತೆನೆ ಕೊರೆಯುವ ಹೆಲಿಕೊವರ್ಪ ಕುಲದ ಒಂದು ಹುಳುವಿನ ಜೊಲ್ಲಿನಲ್ಲಿರುವ ಗ್ಲುಕೋಸ್ ಆಕ್ಸಿಡೇಸ್ ಕಿಣ್ವ, ತಂಬಾಕು ಗಿಡ ಗಾಯಕ್ಕೆ ಪ್ರತಿಯಾಗಿ ನಿಕೊಟಿನ್ ಹೆಚ್ಚಿಸುವುದನ್ನೇ ತಡೆಯುತ್ತದೆ. ಕೆಲವು ಹುಳುಗಳು ಪ್ರತಿರೋಧಕಕ್ಕೆ ಬಗ್ಗದ ಬೇರೆ ಬಗೆಯ ಟ್ರಿಪ್ಸಿನ್ನನ್ನೇ ಕರುಳಿನಲ್ಲಿ ಸ್ರವಿಸಲು ಕಲಿತಿವೆ.