ಸರಾಸರಿಯ ಅಡಿಯಲ್ಲಿ ಹೂತುಹೋದವರು

1977ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರದ ಆಡಳಿತ ಮತ್ತು ಬಜೆಟ್ ಕಚೇರಿ 15ನೇ ನಂಬರಿನ ನಿರ್ದೇಶನವೊಂದನ್ನು ಹೊರಡಿಸಿತು. ಜನಗಣತಿ, ಶಾಲೆ, ಆಸ್ಪತ್ರೆ, ನೌಕರಿ ಎಲ್ಲೇ ಆಗಲಿ, ಜನರನ್ನು ಜನಾಂಗವಾರು ಎಣಿಸುವಾಗ ಇನ್ನು ಮುಂದೆ ಎಲ್ಲ ಇಲಾಖೆಗಳೂ ಒಂದೇ ಪದ್ಧತಿ ಅನುಸರಿಸಬೇಕು ಎಂಬುದು ಅದರ ಸಾರ. ಬಿಳಿಯರಿಗೊಂದು ಕಾಲಂ, ಕಪ್ಪು ಜನರಿಗೊಂದು, ಅಮೆರಿಕದ ಮೂಲನಿವಾಸಿಗಳಿಗೊಂದು. ಲ್ಯಾಟಿನ್ ಅಮೆರಿಕ ಮೂಲದವರ ಲೆಕ್ಕಕ್ಕೆ ಬೇರೆ ಏರ್ಪಾಡು. ಇವರಲ್ಲಿ ಯಾರೂ ಅಲ್ಲದವರಿಗೆ ಒಂದು ದೊಡ್ಡ ಕಾಲಂ: ‘ಏಷ್ಯನ್ ಅಥವಾ ಪೆಸಿಫಿಕ್ ದ್ವೀಪವಾಸಿ’. ಭಾರತ, ಚೀನಾ, ಜಪಾನ್‌ಗಳಿಂದ ಹಿಡಿದು ಪೆಸಿಫಿಕ್ ಸಾಗರದ ನಡುವಿನ ಸಮೋವಾ, ಹವಾಯಿವರೆಗೆ ಎಲ್ಲರೂ ಅದರೊಳಗೆ ಸೇರಿದರು.

ಅದೇ ವರ್ಷ ಮೂರು ಕಡೆ ಏನು ನಡೆಯುತ್ತಿತ್ತು ನೋಡಿ. ಕಾಂಬೋಡಿಯಾದಲ್ಲಿ ಪೋಲ್ ಪಾಟ್‌ನ ಖ್ಮೇರ್ ರೂಜ್ ಆಡಳಿತ ಎರಡು ವರ್ಷ ಮುಗಿಸಿತ್ತು. ನಗರಗಳು ಖಾಲಿಯಾಗಿ, ಇಡೀ ದೇಶ ಗದ್ದೆಗಳಲ್ಲಿ ಜೀತ ಮಾಡುತ್ತಿತ್ತು. ಹವಾಯಿಯಲ್ಲಿ ಅಮೆರಿಕದ ನೌಕಾಪಡೆ ಬಾಂಬ್ ಹಾಕಿ ಗುರಿ ಕಲಿಯುತ್ತಿದ್ದ ಕಹೊಒಲಾವೆ ದ್ವೀಪವನ್ನು ಬಿಡಿಸಿಕೊಳ್ಳಲು ಸ್ಥಳೀಯರು ಹೋರಾಡುತ್ತಿದ್ದರು. ಹೋರಾಟದ ಮುಂಚೂಣಿಯಲ್ಲಿದ್ದ ಗಾಯಕ ಜಾರ್ಜ್ ಹೆಲ್ಮ್ ಮತ್ತು ಅವರ ಗೆಳೆಯ ಕಿಮೊ ಮಿಚೆಲ್ ಆ ವರ್ಷದ ಮಾರ್ಚ್‌ನಲ್ಲಿ ಸಮುದ್ರದಲ್ಲಿ ಕಣ್ಮರೆಯಾದರು. ಇತ್ತ ಕ್ಯಾಲಿಫೋರ್ನಿಯಾದ ಲಾ ಹಾಬ್ರಾ ಎಂಬ ಊರಿನಲ್ಲಿ, ಎರಡು ವರ್ಷದ ಹಿಂದಷ್ಟೇ ನಿರಾಶ್ರಿತನಾಗಿ ಬಂದಿದ್ದ ಟೆಡ್ ಎನ್‌ಗೋಯ್ ಎಂಬ ಕಾಂಬೋಡಿಯನ್ ‘ಕ್ರಿಸ್ಟೀಸ್’ ಹೆಸರಿನ ಡೋನಟ್ ಅಂಗಡಿಯೊಂದನ್ನು ಕೊಂಡರು.

ನೆಲ ಕಳೆದುಕೊಂಡು ದಿಕ್ಕುಗೆಟ್ಟು ಬಂದವರು ಮತ್ತು ನಿಂತ ನೆಲವೇ ಕೈಬಿಟ್ಟುಹೋದವರು. ಈ ಇಬ್ಬರನ್ನೂ ಒಂದೇ ಕಾಲಂಗೆ ಸೇರಿಸಿದ್ದು ಹೇಗೆ, ಅದರಿಂದ ಏನಾಯಿತು, ಕೊನೆಗೆ ಒಬ್ಬರು ಅದರಿಂದ ಹೊರಬಂದದ್ದು ಹೇಗೆ ಎಂಬುದು ಈ ಲೇಖನದ ವಿಷಯ.

ಕಾಂಬೋಡಿಯಾದವರದು ತೀರಾ ಇತ್ತೀಚಿನ ಕಥೆ. 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಪಡೆಗಳು ನಾಮ್ ಪೆನ್ ನಗರ ಹೊಕ್ಕವು. 1979ರ ಜನವರಿ 7ರಂದು ವಿಯೆಟ್ನಾಂ ಸೇನೆ ಅವರನ್ನು ಓಡಿಸುವ ಹೊತ್ತಿಗೆ ಹದಿನೈದರಿಂದ ಇಪ್ಪತ್ತು ಲಕ್ಷ ಜನ ಹಸಿವು, ರೋಗ, ಕೊಲೆಗಳಿಗೆ ಬಲಿಯಾಗಿದ್ದರು. ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು. ಮೇಷ್ಟರು, ವೈದ್ಯರು, ಭಿಕ್ಷುಗಳು, ನರ್ತಕಿಯರನ್ನು ಹುಡುಕಿ ಮುಗಿಸಿದರು. ಓದಿದವರೆಂಬ ಗುಮಾನಿ ಬಂದರೂ ಸಾವು ಬರುತ್ತಿತ್ತು. ಒಂದು ಸಮುದಾಯ ಬೇರೆ ದೇಶದಲ್ಲಿ ಬೇರು ಬಿಡಬೇಕಾದರೆ ಮೊದಲು ಕೈಹಿಡಿಯುವವರು ಇಂಥ ಓದುಬರಹ ಬಲ್ಲವರೇ. ಕಾಂಬೋಡಿಯನ್ನರು ಹೊರಟಾಗ ಆ ವರ್ಗವೇ ಬಹುಪಾಲು ಉಳಿದಿರಲಿಲ್ಲ. ಮುಂದೆ ನಡೆದದ್ದೆಲ್ಲವನ್ನೂ ಈ ಒಂದು ಸಂಗತಿಯ ಬೆಳಕಿನಲ್ಲೇ ನೋಡಬೇಕು.

1975ರಲ್ಲಿ ಅಮೆರಿಕಕ್ಕೆ ಬಂದ ಮೊದಲ ತಂಡದಲ್ಲಿದ್ದವರು ಕೆಲವೇ ಸಾವಿರ ಜನ. ಅವರಲ್ಲಿ ಅಧಿಕಾರಿಗಳು, ಪೇಟೆಯವರು ಹೆಚ್ಚು. ಬ್ಯಾಂಕಾಕ್‌ನ ಕಾಂಬೋಡಿಯಾ ರಾಯಭಾರ ಕಚೇರಿಯಲ್ಲಿದ್ದ ಸೇನಾಧಿಕಾರಿ ಎನ್‌ಗೋಯ್ ಅಂಥವರಲ್ಲೊಬ್ಬರು. ದೊಡ್ಡ ಅಲೆ ಬಂದದ್ದು 1980ರ ನಿರಾಶ್ರಿತರ ಕಾಯ್ದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ. ಥಾಯ್ಲೆಂಡ್ ಗಡಿಯ ಖಾವೊ ಐ ಡಾಂಗ್‌ನಂಥ ಶಿಬಿರಗಳಿಂದ ಬಂದ ಇವರಲ್ಲಿ ಹೆಚ್ಚಿನವರು ಭತ್ತ ಬೆಳೆಯುತ್ತಿದ್ದ ರೈತರು. ಗಂಡ ಸತ್ತ ಹೆಂಗಸರು, ತಂದೆತಾಯಿ ಇಲ್ಲದ ಮಕ್ಕಳು ಬಹಳ. ಒಟ್ಟು ಸುಮಾರು ಒಂದೂವರೆ ಲಕ್ಷ ಜನ ಬಂದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್, ಮ್ಯಾಸಚೂಸೆಟ್ಸ್‌ನ ಲೋವೆಲ್ ಮುಂತಾದೆಡೆ ನೆಲೆಸಿದರು. ಬಾಡಿಗೆ ಕಡಿಮೆ ಇದ್ದ, ಗುಂಪು ಹೊಡೆದಾಟಗಳಿಂದ ಕಂಗೆಟ್ಟಿದ್ದ ಕೇರಿಗಳೇ ಅವರಿಗೆ ಸಿಕ್ಕಿದ್ದು. 1989ರ ಜನವರಿಯಲ್ಲಿ ಸ್ಟಾಕ್‌ಟನ್ನಿನ ಪ್ರಾಥಮಿಕ ಶಾಲೆಯೊಂದರ ಆಟದ ಮೈದಾನದಲ್ಲಿ ಬಂದೂಕುಧಾರಿಯೊಬ್ಬ ಐದು ಮಕ್ಕಳನ್ನು ಕೊಂದ. ನಾಲ್ವರು ಕಾಂಬೋಡಿಯನ್, ಒಂದು ಮಗು ವಿಯೆಟ್ನಾಮಿನದು. ಪೋಲ್ ಪಾಟ್‌ನಿಂದ ಪಾರಾಗಿ ಬಂದಿದ್ದ ಕಾಂಬೋಡಿಯನ್ ತಾಯ್ತಂದೆಯರು ತಮ್ಮ ಮಕ್ಕಳನ್ನು ಅಲ್ಲಿ ಕಳೆದುಕೊಂಡರು.

ಡೋನಟ್ ಅಂಗಡಿಯ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಈ ಸಮುದಾಯ ಹೊಟ್ಟೆ ಹೊರೆದುಕೊಂಡ ಬಗೆ ಅಲ್ಲಿದೆ. ಎನ್‌ಗೋಯ್ ‘ವಿಂಚೆಲ್ಸ್’ ಎಂಬ ಸರಣಿ ಅಂಗಡಿಯಲ್ಲಿ ಕೆಲಸ ಕಲಿತರು. ಆಮೇಲೆ ತಾವು ಅಂಗಡಿಗಳನ್ನು ಕೊಂಡು, ಶಿಬಿರಗಳಿಂದ ಬಂದ ನೂರಾರು ಕುಟುಂಬಗಳಿಗೆ ಜಾಮೀನು ನಿಂತು, ಕೆಲಸ ಕಲಿಸಿ, ಅಂಗಡಿಗಳನ್ನು ಗುತ್ತಿಗೆಗೆ ಕೊಟ್ಟರು. ಈ ದಂಧೆಗೆ ಹೆಚ್ಚು ಇಂಗ್ಲಿಷ್ ಬೇಕಿಲ್ಲ. ನಡುರಾತ್ರಿ ಎದ್ದು ಹಿಟ್ಟು ನಾದಿ, ಉಬ್ಬಲು ಬಿಟ್ಟು, ಬೆಳಗಿನ ಜಾವಕ್ಕೆ ಕರಿದು ತೆಗೆಯಬೇಕು. ಗಂಡ ಬಾಣಲೆ ಮುಂದೆ, ಹೆಂಡತಿ ಗಲ್ಲಾದಲ್ಲಿ, ಅಜ್ಜಿ ಸಕ್ಕರೆಪಾಕ ಸವರಲು. ಮಕ್ಕಳು ಹಿಂದಿನ ಕೋಣೆಯ ಹಿಟ್ಟಿನ ಮೂಟೆಗಳ ಮಧ್ಯೆ ನಿದ್ದೆ. ಸಂಬಳದ ಖರ್ಚಿಲ್ಲ, ರಜೆಯೂ ಇಲ್ಲ. ಬ್ಯಾಂಕ್ ಸಾಲ ಹುಟ್ಟದವರು ನೆಂಟರಿಷ್ಟರೊಡನೆ ಚೀಟಿ ಹಾಕಿ ಬಂಡವಾಳ ಎತ್ತಿದರು, ಥೇಟ್ ನಮ್ಮೂರುಗಳಲ್ಲಿ ಹೆಂಗಸರು ಹಾಕುವ ಚೀಟಿಯಂತೆಯೇ. ಕ್ಯಾಲಿಫೋರ್ನಿಯಾದಲ್ಲೆಲ್ಲ ಡೋನಟ್ ಎಂದರೆ ಇಂದು ಕಣ್ಣಮುಂದೆ ಬರುವ ಗುಲಾಬಿ ಬಣ್ಣದ ಡಬ್ಬಿಯನ್ನು ಮನೆಮಾತು ಮಾಡಿದವರೂ ಇವರೇ. ಬಿಳಿ ರಟ್ಟಿಗಿಂತ ಗುಲಾಬಿ ರಟ್ಟು ಅಗ್ಗಕ್ಕೆ ಸಿಗುತ್ತಿತ್ತು. ಎನ್‌ಗೋಯ್ ಗಳಿಸಿದ್ದನ್ನೆಲ್ಲ ಜೂಜಿನಲ್ಲಿ ಕಳೆದರು. ಆದರೆ ಅವರು ಕಟ್ಟಿಕೊಟ್ಟ ದಾರಿ ಉಳಿಯಿತು. ದಕ್ಷಿಣ ಕ್ಯಾಲಿಫೋರ್ನಿಯಾದ ಸಣ್ಣಪುಟ್ಟ ಡೋನಟ್ ಅಂಗಡಿಗಳಲ್ಲಿ ಬಹುಪಾಲು ಕಾಂಬೋಡಿಯನ್ ಕುಟುಂಬಗಳ ಕೈಯಲ್ಲಿವೆ.

ಇದನ್ನಷ್ಟೇ ನೋಡಿದರೆ ಗೆದ್ದವರ ಕಥೆ ಅನ್ನಿಸುತ್ತದೆ. ಆದರೆ 1990ರ ಜನಗಣತಿ ತೆರೆದರೆ ಅಮೆರಿಕದ ಕಾಂಬೋಡಿಯನ್ನರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಜನ ಬಡತನದ ರೇಖೆಯ ಕೆಳಗಿದ್ದರು. ಅದೇ ಹೊತ್ತಿನಲ್ಲಿ ಏಷ್ಯನ್ನರ ಒಟ್ಟು ಲೆಕ್ಕದಲ್ಲಿ ಈ ಪ್ರಮಾಣ 14ರ ಆಸುಪಾಸು. 2005ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಲಾಂಗ್ ಬೀಚ್‌ನ 35 ದಾಟಿದ ಕಾಂಬೋಡಿಯನ್ ನಿರಾಶ್ರಿತರನ್ನು ಮಾತನಾಡಿಸಿತ್ತು. ಬಂದು ಎರಡು ದಶಕವಾದ ಮೇಲೂ ಅವರಲ್ಲಿ ಶೇ 62 ಜನ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆಯಿಂದ, ಶೇ 51 ಜನ ತೀವ್ರ ಖಿನ್ನತೆಯಿಂದ ನರಳುತ್ತಿದ್ದರು. ಇಂಥ ಮನೆಗಳಲ್ಲಿ ಬೆಳೆದ ಕೆಲವು ಹುಡುಗರು ಬೀದಿ ಗುಂಪು ಸೇರಿ ಜೈಲು ಕಂಡರು. 1996ರ ಕಠಿಣ ವಲಸೆ ಕಾನೂನು, 2002ರಲ್ಲಿ ಕಾಂಬೋಡಿಯಾ ಜೊತೆ ಆದ ಒಪ್ಪಂದ ಎರಡೂ ಸೇರಿ, ಶಿಕ್ಷೆ ಅನುಭವಿಸಿ ಬಿಡುಗಡೆಯಾದ ನೂರಾರು ಜನರನ್ನು ಗಡೀಪಾರು ಮಾಡಿಸಿದವು. ಅವರಲ್ಲಿ ಹಲವರು ಥಾಯ್ ಶಿಬಿರದಲ್ಲಿ ಹುಟ್ಟಿದವರು. ‘ತಾಯ್ನಾಡಿ’ನ ನೆಲವನ್ನು ಅಲ್ಲಿಯವರೆಗೆ ತುಳಿದೇ ಇರಲಿಲ್ಲ. ಒಮ್ಮೆ ಆಶ್ರಯ ಕೊಟ್ಟ ದೇಶ ಅದೇ ಮಕ್ಕಳನ್ನು ಹೀಗೆ ಹೊರಹಾಕಿದ್ದನ್ನು ಯಾವ ನ್ಯಾಯದಿಂದಲೂ ಸಮರ್ಥಿಸಲಾಗದು.

ಹವಾಯಿಯನ್ನರ ಕಥೆ 1977ಕ್ಕಿಂತ ಸುಮಾರು ನೂರಮೂವತ್ತು ವರ್ಷ ಹಿಂದಿನಿಂದ ಶುರುವಾಗುತ್ತದೆ, ಅದೂ ಒಂದು ಭೂದಾಖಲೆಯಿಂದ. ಹವಾಯಿಯಲ್ಲಿ ಭೂಮಿಯನ್ನು ಬೆಟ್ಟದ ನೆತ್ತಿಯಿಂದ ಕಡಲಿನವರೆಗೆ ಉದ್ದುದ್ದ ಪಟ್ಟಿಗಳಾಗಿ ವಿಂಗಡಿಸಿದ್ದರು. ಮೇಲೆ ಕಾಡು, ನಡುವೆ ಹಳ್ಳದ ನೀರು ಹರಿಸಿ ಬೆಳೆವ ಕೆಸುವಿನ ಗದ್ದೆ, ಕೆಳಗೆ ಮೀನು. ನಮ್ಮ ಕರಾವಳಿ, ಮಲೆನಾಡಿನಲ್ಲಿ ಪತ್ರೊಡೆ ಮಾಡುತ್ತಾರಲ್ಲ, ಅದೇ ಕೆಸು ಅವರ ಮುಖ್ಯ ಆಹಾರ. ಯಾರಿಗೂ ಖಾಸಗಿ ಒಡೆತನವಿರಲಿಲ್ಲ. 1848ರಲ್ಲಿ ಮೂರನೇ ಕಮೇಹಮೇಹ ರಾಜನ ಕಾಲಕ್ಕೆ, ಪಾಶ್ಚಾತ್ಯ ಸಲಹೆಗಾರರ ಒತ್ತಾಸೆಯಲ್ಲಿ, ನೆಲವನ್ನು ರಾಜ, ಮುಖಂಡರು, ಸರ್ಕಾರ ಎಂದು ಹಂಚಲಾಯಿತು. 1850ರ ಕಾಯ್ದೆಯಲ್ಲಿ ಸಾಮಾನ್ಯ ರೈತರೂ ಅರ್ಜಿ ಹಾಕಬಹುದೆಂದಾಯಿತು. ಅರ್ಜಿ, ಸಾಕ್ಷಿ, ಸರ್ವೆ, ಶುಲ್ಕ! ತಲೆಮಾರುಗಳಿಂದ ಉತ್ತಿದ ನೆಲಕ್ಕೆ ಹಕ್ಕುಪತ್ರ ಕೇಳಬೇಕೆಂಬ ಕಲ್ಪನೆಯೇ ಇಲ್ಲದ ಜನರಿಗೆ ಕೊನೆಗೆ ಸಿಕ್ಕಿದ್ದು ಒಟ್ಟು ಭೂಮಿಯ ಶೇ 1ಕ್ಕಿಂತ ಕಡಿಮೆ. ಅದೇ 1850ರಲ್ಲಿ ವಿದೇಶಿಯರಿಗೂ ಭೂಮಿ ಕೊಳ್ಳುವ ಹಕ್ಕು ದೊರೆಯಿತು.

ಆಮೇಲೆ ಕಬ್ಬು ಬಂತು. ಗದ್ದೆಗಳ ನೀರು ತೋಟಗಳ ನಾಲೆಗೆ ಹರಿಯಿತು. ಕೂಲಿಗೆ ಚೀನಾ, ಜಪಾನ್, ಪೋರ್ಚುಗಲ್, ಫಿಲಿಪ್ಪೀನ್ಸ್‌ಗಳಿಂದ ಜನ ಬಂದರು. ಹೊರಗಿನಿಂದ ಬಂದ ರೋಗಗಳಿಂದ ಮೂಲ ಹವಾಯಿಯನ್ನರ ಸಂಖ್ಯೆ 1890ರ ದಶಕಕ್ಕೆ 40 ಸಾವಿರದ ಹತ್ತಿರಕ್ಕೆ ಇಳಿದಿತ್ತು. ಕ್ಯಾಪ್ಟನ್ ಕುಕ್ 1778ರಲ್ಲಿ ಬಂದಾಗ ಲಕ್ಷಗಟ್ಟಲೆ ಇದ್ದ ಜನ ಅವರು. 1893ರ ಜನವರಿಯಲ್ಲಿ ಅಮೆರಿಕದ ನೌಕಾ ಸೈನಿಕರು ಹೊನೊಲುಲುವಿನಲ್ಲಿ ಇಳಿದು ನಿಂತಿರುವಾಗ ಉದ್ಯಮಿಗಳ ಗುಂಪೊಂದು ರಾಣಿ ಲಿಲಿಉಒಕಲಾನಿಯನ್ನು ಪದಚ್ಯುತಗೊಳಿಸಿತು. 1896ರಲ್ಲಿ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮ ಕಡ್ಡಾಯವಾಯಿತು. 1897ರಲ್ಲಿ 21 ಸಾವಿರಕ್ಕೂ ಹೆಚ್ಚು ಹವಾಯಿಯನ್ನರು ಅಮೆರಿಕದೊಂದಿಗೆ ವಿಲೀನ ಬೇಡವೆಂದು ಮನವಿಗೆ ಸಹಿ ಮಾಡಿ ಕಳಿಸಿದರು. 1898ರಲ್ಲಿ ವಿಲೀನ ನಡೆದೇ ಹೋಯಿತು.

ಈ ಅನ್ಯಾಯಕ್ಕೆ ಪರಿಹಾರವೆಂದು 1921ರಲ್ಲಿ ಬಂದದ್ದು ಹವಾಯಿಯನ್ ಗೃಹ ಕಾಯ್ದೆ. ಅಮೆರಿಕದ ಸಂಸತ್ತಿನಲ್ಲಿ ಹವಾಯಿಯ ಪ್ರತಿನಿಧಿಯಾಗಿದ್ದ ರಾಜಕುಮಾರ ಕುಹಿಯೊ ಅದಕ್ಕಾಗಿ ದುಡಿದರು. ಸುಮಾರು 2 ಲಕ್ಷ ಎಕರೆ ಮೀಸಲು; ವರ್ಷಕ್ಕೆ ಒಂದು ಡಾಲರ್ ಬಾಡಿಗೆಗೆ 99 ವರ್ಷದ ಗುತ್ತಿಗೆ. ಆದರೆ ಕಬ್ಬಿಗೆ ಒಗ್ಗುವ ಫಲವತ್ತಾದ ನೆಲವನ್ನು ತೋಟದ ಮಾಲೀಕರು ಬಿಟ್ಟುಕೊಡಲಿಲ್ಲ. ಅರ್ಜಿದಾರರ ಮೈಯಲ್ಲಿ ಕನಿಷ್ಠ ಅರ್ಧದಷ್ಟು ಹವಾಯಿ ರಕ್ತ ಇರಬೇಕೆಂಬ ಷರತ್ತೂ ಸೇರಿತು. ಕುಹಿಯೊ ಕೇಳಿದ್ದು ಇದಕ್ಕಿಂತ ಎಷ್ಟೋ ಸಡಿಲವಾದ ನಿಯಮ. ನೂರು ವರ್ಷ ಕಳೆದಾಗ ಕಾಯುವ ಪಟ್ಟಿಯಲ್ಲಿ 28 ಸಾವಿರಕ್ಕೂ ಹೆಚ್ಚು ಹೆಸರುಗಳಿದ್ದವು. ಕಾಯುತ್ತಲೇ ಸತ್ತವರು ಸಾವಿರಾರು. ಬೇರೆ ಜನಾಂಗದವರೊಡನೆ ಆಗುವ ಮದುವೆಗಳ ದೆಸೆಯಿಂದ ಅರ್ಹತೆಯ ರಕ್ತದ ಲೆಕ್ಕವೂ ಒಂದೊಂದು ತಲೆಮಾರಿಗೆ ಕರಗುತ್ತಿದೆ. 2022ರಲ್ಲಿ ರಾಜ್ಯ ಸರ್ಕಾರ ಇದಕ್ಕಾಗಿ 60 ಕೋಟಿ ಡಾಲರ್ ಒದಗಿಸಿತು. ಬಹಳ ತಡವಾಗಿ ಬಂದ ಹಣ ಅದು.

ಹವಾಯಿಯನ್ನರ ಬಳಿ ಕಾಂಬೋಡಿಯನ್ನರಿಗಿಲ್ಲದ ಕೆಲವು ಬಲಗಳಿವೆ. ರಾಜಕುಮಾರಿ ಪೌಆಹಿ ಬಿಷಪ್ ಬರೆದಿಟ್ಟ ಉಯಿಲಿನಿಂದ 1887ರಲ್ಲಿ ಹುಟ್ಟಿದ ಕಮೇಹಮೇಹ ಶಾಲೆಗಳು ಆ ರಾಜ್ಯದಲ್ಲೇ ಅತಿ ದೊಡ್ಡ ಖಾಸಗಿ ಭೂಮಾಲೀಕ ಸಂಸ್ಥೆ. 1978ರಲ್ಲಿ ಹವಾಯಿಯನ್ ಭಾಷೆ ಇಂಗ್ಲಿಷಿನ ಜೊತೆ ಅಧಿಕೃತ ಭಾಷೆಯಾಯಿತು. ಆ ಭಾಷೆ ಆಡುವ ಮಕ್ಕಳು ಬೆರಳೆಣಿಕೆಗೆ ಇಳಿದಿದ್ದ 1980ರ ದಶಕದಲ್ಲಿ ಪೂನಾನಾ ಲೇಓ ಶಿಶುವಿಹಾರಗಳು ಶುರುವಾಗಿ ಭಾಷೆಯನ್ನು ಮರಳಿ ಮನೆಯೊಳಗೆ ತಂದವು. 1993ರಲ್ಲಿ ಅಮೆರಿಕದ ಸಂಸತ್ತು ಕ್ಷಮೆಯನ್ನೂ ಕೇಳಿತು. ಆದರೆ ಕ್ಷಮೆಯಿಂದ ಮನೆ ಬಾಡಿಗೆ ಇಳಿಯಲಿಲ್ಲ. ಹೊನೊಲುಲು ಸುತ್ತಮುತ್ತ ಸಾಮಾನ್ಯ ಮನೆಯೊಂದರ ಬೆಲೆ ಹತ್ತು ಲಕ್ಷ ಡಾಲರ್ ಮುಟ್ಟಿದೆ. 2020ರ ಜನಗಣತಿಯಲ್ಲಿ ಮೊದಲ ಬಾರಿಗೆ ಮೂಲ ಹವಾಯಿಯನ್ನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ನೂರಕ್ಕೆ 53ರಷ್ಟು, ಹವಾಯಿಯ ಹೊರಗೇ ಇದ್ದರು. ಅವರಲ್ಲಿ ಹಲವರು ನೆಲೆಸಿರುವ ಲಾಸ್ ವೇಗಸ್‌ಗೆ ಅವರೇ ‘ಒಂಬತ್ತನೇ ದ್ವೀಪ’ ಎನ್ನುತ್ತಾರೆ.

ಇನ್ನು ಕಾಲಂ ವಿಷಯಕ್ಕೆ ಬರೋಣ. 1966ರಲ್ಲಿ ಸಮಾಜಶಾಸ್ತ್ರಜ್ಞ ವಿಲಿಯಂ ಪೀಟರ್ಸನ್ ಜಪಾನೀ ಅಮೆರಿಕನ್ನರ ಏಳಿಗೆಯ ಬಗ್ಗೆ ಬರೆದ ಲೇಖನದಿಂದ ‘ಮಾದರಿ ಅಲ್ಪಸಂಖ್ಯಾತರು’ ಎಂಬ ಕಲ್ಪನೆ ಬೇರೂರಿತು. ಏಷ್ಯನ್ನರು ಚೆನ್ನಾಗಿ ಓದುತ್ತಾರೆ, ಚೆನ್ನಾಗಿ ದುಡಿಯುತ್ತಾರೆ, ಅವರಿಗೆ ನೆರವು ಬೇಕಿಲ್ಲ ಎಂಬುದು ಅದರ ತಿರುಳು. ಎಲ್ಲರನ್ನೂ ಸೇರಿಸಿದ ಕಾಲಂನ ಸರಾಸರಿ ಈ ಕಲ್ಪನೆಗೆ ಪುಷ್ಟಿ ಕೊಟ್ಟಿತು. ಹವಾಯಿಯಲ್ಲಿ ಈ ಕಾಲಂ ಇನ್ನೂ ಕೆಟ್ಟ ಪರಿಣಾಮ ಮಾಡಿತು. ಕಬ್ಬಿನ ತೋಟಕ್ಕೆ ಬಂದವರ ಮೊಮ್ಮಕ್ಕಳು ಅಷ್ಟರಲ್ಲಿ ಮಧ್ಯಮ ವರ್ಗವಾಗಿದ್ದರು. ಅವರನ್ನೂ ನೆಲ ಕಳೆದುಕೊಂಡವರನ್ನೂ ಕೂಡಿಸಿ ಭಾಗಿಸಿದರೆ ಎಲ್ಲರೂ ಸುಖವಾಗಿದ್ದಂತೆ ಕಾಣುತ್ತಿತ್ತು. ಬಿಡಿಸಿ ನೋಡಿದರೆ ಮಾತ್ರ ನಿಜ ಹೊರಬೀಳುತ್ತದೆ: 2010ರ ಲೆಕ್ಕದಲ್ಲಿ ಅದೇ ರಾಜ್ಯದ ಚೀನೀ ಮೂಲದವರಿಗಿಂತ ಮೂಲ ಹವಾಯಿಯನ್ನರ ಸರಾಸರಿ ಆಯುಷ್ಯ ಹತ್ತಕ್ಕೂ ಹೆಚ್ಚು ವರ್ಷದಷ್ಟು ಕಡಿಮೆ.

ಹವಾಯಿಯನ್ನರು ಈ ಕಾಲಂ ವಿರುದ್ಧ ಎದ್ದರು. ಸೆನೆಟ್ ತಲುಪಿದ ಮೊದಲ ಮೂಲ ಹವಾಯಿಯನ್ ಡೇನಿಯಲ್ ಅಕಾಕಾ ಸಂಸತ್ತಿನಲ್ಲಿ ದನಿ ಎತ್ತಿದರು. ನಾವು ವಲಸೆ ಬಂದವರಲ್ಲ, ನಮ್ಮನ್ನು ಮೂಲನಿವಾಸಿಗಳೊಂದಿಗೆ ಎಣಿಸಿ ಎಂಬುದು ಅವರ ಬೇಡಿಕೆ. ಅದು ಪೂರ್ತಿ ಈಡೇರಲಿಲ್ಲ. ಆದರೆ 1997ರ ಅಕ್ಟೋಬರ್ 30ರಂದು ‘ಮೂಲ ಹವಾಯಿಯನ್ ಅಥವಾ ಇತರ ಪೆಸಿಫಿಕ್ ದ್ವೀಪವಾಸಿ’ ಎಂಬ ಪ್ರತ್ಯೇಕ ಕಾಲಂ ಹುಟ್ಟಿತು. ಹೊರಬರಲು ಅವರಿಗೆ ಸಾಧ್ಯವಾದದ್ದಕ್ಕೆ ನನಗೆ ಕಾಣುವ ಕಾರಣ ಸರಳ: ಅವರಿಗೆ ಒಬ್ಬ ಸೆನೆಟರ್ ಇದ್ದರು, ಒಂದು ರಾಜ್ಯವಿತ್ತು, ಮುರಿದುಬಿದ್ದದ್ದಾದರೂ ಒಂದು ರಾಜವಂಶದ ದಾಖಲೆ ಇತ್ತು. ಕಾಂಬೋಡಿಯನ್ನರಿಗೆ ಆಗ ಇದ್ದದ್ದು ಅಂಗಡಿಗಳು ಮತ್ತು ದೇವಾಲಯಗಳು. ಅವರು ಏಷ್ಯನ್ ಕಾಲಂನಲ್ಲೇ ಉಳಿದರು.

ಈಗ ನಮ್ಮವರ ಮಾತು. ಅಮೆರಿಕದ ಜನಗಣತಿ ಭಾರತೀಯರನ್ನು 1970ರಲ್ಲಿ ಬಿಳಿಯರೆಂದು ಎಣಿಸಿತ್ತು. ಭಾರತೀಯ ಸಂಘದವರೇ ಒತ್ತಾಯಿಸಿ ಅಲ್ಪಸಂಖ್ಯಾತರ ಲೆಕ್ಕಕ್ಕೆ, ಏಷ್ಯನ್ ಕಾಲಂಗೆ ಸೇರಿದರು. ಸಂಶೋಧನಾ ಸಂಸ್ಥೆ ಪ್ಯೂ ಕೊಟ್ಟ 2019ರ ಅಂಕಿಯಂತೆ ಅಲ್ಲಿನ ಭಾರತೀಯ ಕುಟುಂಬಗಳ ನಡುಮಟ್ಟದ ವಾರ್ಷಿಕ ಆದಾಯ 1,19,000 ಡಾಲರ್; ಕಾಂಬೋಡಿಯನ್ನರದು ಸುಮಾರು 67,000. ಪದವಿ ಪಡೆದ ವಯಸ್ಕರು ಭಾರತೀಯರಲ್ಲಿ ನಾಲ್ವರಲ್ಲಿ ಮೂವರು, ಕಾಂಬೋಡಿಯನ್ನರಲ್ಲಿ ಐವರಲ್ಲೊಬ್ಬರು. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಕಾಲೇಜುಗಳಿಂದ ಎಂಜಿನಿಯರ್ ಆಗಿ ವೀಸಾ ಪಡೆದು ಹೋದವರನ್ನು ಅಮೆರಿಕ ಮೊದಲೇ ಆರಿಸಿ ತೆಗೆದುಕೊಂಡಿದೆ. ಅವರ ಸಂಬಳ ಏರಿಸಿದ ಸರಾಸರಿಯ ಅಡಿಯಲ್ಲೇ ಲಾಂಗ್ ಬೀಚ್‌ನ ವಿಧವೆಯರ ಲೆಕ್ಕವೂ ಸೇರುತ್ತದೆ. ಒಳಮೀಸಲಾತಿಯ ವಾದವನ್ನು ವರ್ಷಗಟ್ಟಲೆ ಕೇಳಿರುವ ಕನ್ನಡದ ಓದುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

2007ರಲ್ಲಿ ಲಾಸ್ ಏಂಜಲಿಸ್‌ನ ವಿದ್ಯಾರ್ಥಿಗಳು ಪಟ್ಟು ಹಿಡಿದ ಮೇಲೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಏಷ್ಯನ್ ಮತ್ತು ದ್ವೀಪವಾಸಿ ಅರ್ಜಿದಾರರನ್ನು 23 ಒಳಗುಂಪುಗಳಾಗಿ ಎಣಿಸಲು ಒಪ್ಪಿತು. 2016ರಲ್ಲಿ ಆ ರಾಜ್ಯದ ಆರೋಗ್ಯ ಇಲಾಖೆಗೂ ಅಂಥ ಕಾನೂನು ಬಂತು. ಮುಂದುವರಿದ ಏಷ್ಯನ್ ಗುಂಪುಗಳಲ್ಲೇ ಕೆಲವರು ಅದನ್ನು ವಿರೋಧಿಸಿದ್ದರು. ಲೋವೆಲ್ ನಗರಕ್ಕೆ 2022ರಲ್ಲಿ ಸೊಖಾರಿ ಚೌ ಮೇಯರ್ ಆದರು, ಅಮೆರಿಕದಲ್ಲೇ ಆ ಸ್ಥಾನಕ್ಕೇರಿದ ಮೊದಲ ಕಾಂಬೋಡಿಯನ್. 2024ರ ಮಾರ್ಚ್‌ನಲ್ಲಿ 15ನೇ ನಿರ್ದೇಶನ ಮತ್ತೆ ತಿದ್ದುಪಡಿಯಾಗಿ, ಒಳವಿವರ ಸಹಿತ ಎಣಿಸುವುದೇ ನಿಯಮವಾಯಿತು. ಏಷ್ಯನ್ ಕಾಲಂನಡಿ ಚೀನೀ, ಭಾರತೀಯ, ಫಿಲಿಪಿನೊ, ವಿಯೆಟ್ನಾಮೀ, ಕೊರಿಯನ್, ಜಪಾನೀ ಎಂಬ ಆರು ಚೌಕಗಳಿವೆ. ಕಾಂಬೋಡಿಯನ್ನರಿಗೆ ಈಗಲೂ ಪ್ರತ್ಯೇಕ ಚೌಕವಿಲ್ಲ. ಖಾಲಿ ಗೆರೆಯ ಮೇಲೆ ತಾವೇ ಬರೆಯಬೇಕು.

ಅಮೆರಿಕದಲ್ಲಿರುವ ಕನ್ನಡಿಗರು, ಅವರ ಸಂಘಗಳು ಈ ವಿವರವಾದ ಎಣಿಕೆಯ ಪರವಾಗಿ ನಿಲ್ಲಬೇಕು. ನಮ್ಮ ಮಕ್ಕಳಿಗೆ ಅದರಿಂದ ಹೋಗುವುದೇನಿಲ್ಲ. ಅವರ ಪಕ್ಕದ ಬೆಂಚಿನಲ್ಲಿ ಕೂತ, ನಡುರಾತ್ರಿ ಅಂಗಡಿಯಲ್ಲಿ ಕೆಲಸ ಮಾಡಿ ಬಂದ ಮಗುವಿಗೆ ಅದರಿಂದ ಒಂದು ವಿದ್ಯಾರ್ಥಿವೇತನ ಸಿಗಬಹುದು.