ಗಿಟಾರ್ ಪೆಡಲ್: ಮನೆಯ ಮೇಜಿನಿಂದ ಮಾರುಕಟ್ಟೆಗೆ

ಭತ್ತ, ಹತ್ತಿ, ತೊಗರಿಗಳ ವಹಿವಾಟಿಗೆ ಹೆಸರಾದ ರಾಯಚೂರಿನಲ್ಲಿ ಗಿಟಾರಿನ ಮಾತೇಕೆಂದು ವರ್ತಕ ಬಂಧುಗಳು ಹುಬ್ಬೇರಿಸಬಹುದು. ಗಣೇಶೋತ್ಸವದ ಆರ್ಕೆಸ್ಟ್ರಾ ಇರಲಿ, ಚರ್ಚಿನ ಗಾಯನವಿರಲಿ, ವಿದ್ಯುತ್ ಗಿಟಾರ್ ನುಡಿಸುವವನ ಪಾದದ ಬಳಿ ಸಾಮಾನ್ಯವಾಗಿ ಒಂದು ಪುಟ್ಟ ಲೋಹದ ಪೆಟ್ಟಿಗೆ ಕಾಣಸಿಗುತ್ತದೆ. ತುಳಿದರೆ ನಾದವನ್ನು ಒರಟಾಗಿಸುವ ಅಥವಾ ಮಾರ್ದನಿಗೊಳಿಸುವ ಈ ಸಾಧನವೇ ಎಫೆಕ್ಟ್ಸ್ ಪೆಡಲ್. ಇದನ್ನು ಮನೆಯಲ್ಲಿಯೇ ತಯಾರಿಸುವ ಹವ್ಯಾಸ ಜಗತ್ತಿನಾದ್ಯಂತ ಹಬ್ಬಿದೆ.

ಗಿಬ್ಸನ್ ಸಂಸ್ಥೆ ಮ್ಯಾಸ್ಟ್ರೊ ಫಜ್-ಟೋನ್ ಎಂಬ ಪೆಡಲನ್ನು ಮಾರುಕಟ್ಟೆಗೆ ತಂದದ್ದು 1962ರಲ್ಲಿ. 1970ರ ದಶಕದ ಎಂಎಕ್ಸ್‌ಆರ್ ಡಿಸ್ಟಾರ್ಷನ್ ಪ್ಲಸ್ ಮತ್ತು ಡಿಒಡಿ 250 ಪೆಡಲ್‌ಗಳ ಹೃದಯವಾದರೋ 741 ಎಂಬ ಐಸಿ. ನಮ್ಮ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ಬಿಡಿಭಾಗ. ಐಸಿ ಗಿಟಾರಿನ ಕ್ಷೀಣ ಸಂಕೇತವನ್ನು ಹಿಗ್ಗಿಸುತ್ತದೆ. ಎರಡು ಡಯೋಡುಗಳು ಅದರ ಶಿಖರಗಳನ್ನು ಕತ್ತರಿಸುತ್ತವೆ. ಸಿಲಿಕಾನ್ ಡಯೋಡ್ ಸುಮಾರು 0.6 ವೋಲ್ಟಿಗೆ, ಜರ್ಮೇನಿಯಂ ಸುಮಾರು 0.3 ವೋಲ್ಟಿಗೆ ಕತ್ತರಿ ಹಾಕುವುದರಿಂದ ನಾದದ ಗುಣವೂ ಬದಲಾಗುತ್ತದೆ. 9 ವೋಲ್ಟ್ ಬ್ಯಾಟರಿಯಿಂದ ನಡೆಯುವುದರಿಂದ ಕಲಿಯುವವರಿಗೆ ವಿದ್ಯುದಾಘಾತದ ಭಯವಿಲ್ಲ.

ತೊಡಕು ಇರುವುದು ಸರ್ಕ್ಯೂಟಿನಲ್ಲಲ್ಲ, ಪೆಟ್ಟಿಗೆಯಲ್ಲಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿದರೆ ಸುತ್ತಲಿನ ವಿದ್ಯುತ್ ತಂತಿಗಳ ಗುಂಯ್‌ಗುಡುವಿಕೆ ಒಳನುಗ್ಗುತ್ತದೆ; ಆದ್ದರಿಂದ ಅಲ್ಯೂಮಿನಿಯಂ ಪೆಟ್ಟಿಗೆ ಬಳಸಿ, ಅದನ್ನು ಗ್ರೌಂಡಿಗೆ ಜೋಡಿಸಬೇಕು. ನೂರಾರು ಬಾರಿ ತುಳಿತ ತಾಳುವ ಸ್ವಿಚ್ ಬೇಕು. ಗಿಟಾರಿನ ಕೇಬಲ್ ಚುಚ್ಚಿದಾಗ ಮಾತ್ರ ಬ್ಯಾಟರಿ ಚಾಲೂ ಆಗುವಂತೆ ಒಳಬರುವ ಕಡೆ ಸ್ಟೀರಿಯೊ ಜ್ಯಾಕ್ ಹಾಕುವುದು ವಾಡಿಕೆ. ಕೇಬಲ್ ಕೀಳಲು ಮರೆತರೆ ಬ್ಯಾಟರಿ ಸುಮ್ಮನೆ ಸವೆಯುತ್ತಲೇ ಇರುತ್ತದೆ. ಇದನ್ನು ಗ್ರಾಹಕನಿಗೆ ಮೊದಲೇ ತಿಳಿಸದಿದ್ದರೆ ದೂರು ತಯಾರಕನ ತಲೆಗೇ ಬರುತ್ತದೆ.

ಇನ್ನು ಲೆಕ್ಕ. ಹವ್ಯಾಸಿಯು ಬಿಡಿಭಾಗಗಳಿಗೆ 700 ರೂಪಾಯಿ ಖರ್ಚಾಯಿತು, 1,000 ರೂಪಾಯಿಗೆ ಮಾರಿದರೆ 300 ಲಾಭವೆಂದು ಭಾವಿಸುತ್ತಾನೆ ಎನ್ನೋಣ. ಉದಾಹರಣೆಗೆ 20 ಪೆಡಲ್ ಮಾಡಿದರೆ ಬಿಡಿಭಾಗಕ್ಕೆ 14,000 ರೂಪಾಯಿ. ಒಂದಕ್ಕೆ 4 ಗಂಟೆ, ಗಂಟೆಗೆ 100 ರೂಪಾಯಿಯಂತೆ ಶ್ರಮಕ್ಕೆ 8,000. ಒಟ್ಟು 22,000. ಎರಡು ಪೆಡಲ್ ಕೆಟ್ಟರೆ ಉಳಿದ 18ರ ಮೇಲೆ ತಲಾ 1,222 ರೂಪಾಯಿ ಬೀಳುತ್ತದೆ. ಅಂದರೆ ಲಾಭವೆಂದು ತಿಳಿದಲ್ಲಿ 222 ರೂಪಾಯಿ ನಷ್ಟ! ಅಂಗಡಿಯವನಿಗೆ ಮಾರಾಟ ಬೆಲೆಯ ಶೇ. 25 ಬಿಡಬೇಕಾದರೆ, ಅಸಲು ಹುಟ್ಟಲಿಕ್ಕೇ ಸುಮಾರು 1,630 ರೂಪಾಯಿ ಬೆಲೆ ಇಡಬೇಕು. ಸಾಗಣೆ, ತೆರಿಗೆ, ಗ್ಯಾರಂಟಿ ದುರಸ್ತಿ ಇದರ ಮೇಲೆ. ತನ್ನ ದುಡಿಮೆಗೆ ಕೂಲಿ ಬರೆದುಕೊಳ್ಳದವನ ಲೆಕ್ಕಪುಸ್ತಕವನ್ನು ಯಾವ ಬ್ಯಾಂಕೂ ನಂಬಲಾರದು.

ಹಾಗಾದರೆ ಈ ದಾರಿಯಲ್ಲಿ ಗೆದ್ದವರಿಲ್ಲವೇ? ಕೊಳಲು ವಾದಕರೂ ಎಂಜಿನಿಯರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ಅರಿಯದ ಸಂಗೀತಗಾರರು ವಿರಳ. ಅವರು ಪೆಡಲ್ ನಕಲು ಮಾಡಲಿಲ್ಲ. ತಮ್ಮ ಸಂಗೀತಕ್ಕೆ ಬೇಕಾದುದನ್ನೇ ಮಾಡಿದರು ಎಂಬುದು ಗಮನಾರ್ಹ. ಜಗನ್ನಾಥದಾಸರ ಮಾನ್ವಿ, ಗೋಪಾಲದಾಸರು ಹುಟ್ಟಿದ ಮೊಸರಕಲ್ಲನ್ನು ಒಳಗೊಂಡ ದೇವದುರ್ಗ ತಾಲ್ಲೂಕು ದಾಸರ ಪದಗಳ ನೆಲ. ಭಜನಾ ಮಂಡಳಿಗೆ ಒಗ್ಗುವ, ದೂಳು ಸೆಕೆಗಳಿಗೆ ಬಗ್ಗದ ಶ್ರುತಿಪೆಟ್ಟಿಗೆಯೋ ಪುಟ್ಟ ಆಂಪ್ಲಿಫೈಯರೋ ಇಲ್ಲಿ ಪೆಡಲಿಗಿಂತ ಬೇಗ ಮಾರಾಟವಾದೀತು. ಬೇಕಾದ ಕೈಚಳಕ ಎರಡಕ್ಕೂ ಒಂದೇ. ಆದರೆ ಹೆಸರಾಂತ ಕಂಪನಿಯ ಹೆಸರನ್ನು ಪೆಟ್ಟಿಗೆಯ ಮೇಲೆ ಬರೆಸುವ ಚಪಲ ಬೇಡ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಅದು ಅಪರಾಧ.

ಜಿಎಸ್‌ಟಿ ವಿಷಯದಲ್ಲಿ ಒಂದು ಎಚ್ಚರ. ಕೇವಲ ಸರಕು ಮಾರುವವರಿಗೆ ಕರ್ನಾಟಕದಲ್ಲಿ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಲ್ಲ. ಜೊತೆಗೆ ದುರಸ್ತಿ ಸೇವೆಯನ್ನೂ ನೀಡಿದರೆ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಆದರೆ ರಾಯಚೂರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ರಾಜ್ಯದ ಗಡಿ ದಾಟಿ ಸರಕು ಮಾರಿದರೆ ವಹಿವಾಟು ಎಷ್ಟೇ ಚಿಕ್ಕದಿದ್ದರೂ ನೋಂದಣಿ ಬೇಕು. ಕಾಂಪೋಸಿಷನ್ ಪದ್ಧತಿಯಲ್ಲಿಯೂ ಅಂತರರಾಜ್ಯ ಮಾರಾಟಕ್ಕೆ ಅವಕಾಶವಿಲ್ಲ. ಅಲ್ಲಿಯ ಅಂಗಡಿಯಿಂದ ಹತ್ತು ಪೆಡಲ್‌ಗೆ ಆರ್ಡರ್ ಬಂದರೆ, ಪಾರ್ಸೆಲ್ ಕಟ್ಟುವ ಮೊದಲು ನೋಂದಣಿ ಸಂಖ್ಯೆ ಕೈಯಲ್ಲಿರಬೇಕು.