ಉಳಿದಷ್ಟು ಕಡಲಿನ ಊರು ಕಾರವಾರ

ಕಾಳಿ ನದಿ ಅರಬ್ಬಿ ಸಮುದ್ರ ಸೇರುವಲ್ಲಿ, ನದಿಯ ದಕ್ಷಿಣದ ದಂಡೆಯಲ್ಲಿದೆ ಕಾರವಾರ. ಎದುರು ದಂಡೆಯಲ್ಲಿ ಸದಾಶಿವಗಡದ ಗುಡ್ಡ. ಅಲ್ಲಿಂದ ಮಾಜಾಳಿ ದಾಟಿದರೆ ಗೋವಾ. ಇತ್ತ ದಕ್ಷಿಣಕ್ಕೆ ಬೈತಖೋಲದ ಗುಡ್ಡ ಸಮುದ್ರದೊಳಕ್ಕೆ ಮೂಗು ಚಾಚಿ ನಿಂತಿದೆ. ಈ ಎರಡು ಗುಡ್ಡಗಳ ನಡುವೆ ಬಾಗಿ ಮಲಗಿದ ಮರಳದಂಡೆ, ದಂಡೆಯ ಬೆನ್ನಿಗೆ ಗಾಳಿಮರಗಳ ಸಾಲು ಮತ್ತು ಹೆದ್ದಾರಿ, ಹೆದ್ದಾರಿಯಾಚೆ ಪೇಟೆ, ಪೇಟೆಯ ಹಿಂದೆ ಸಹ್ಯಾದ್ರಿಯ ಸೆರಗು. ನಗರಕ್ಕೆ ಸಿಕ್ಕಿರುವ ಜಾಗ ಇಷ್ಟೇ. ಉತ್ತರ ಕನ್ನಡದಂಥ ದೊಡ್ಡ ಜಿಲ್ಲೆಯ ಕೇಂದ್ರವಾದರೂ 2011ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ ಒಂದು ಲಕ್ಷ ಮುಟ್ಟಿರಲಿಲ್ಲ. ಬೆಂಗಳೂರು 500 ಕಿ.ಮೀ.ಗೂ ಆಚೆ, ಪಣಜಿ 100 ಕಿ.ಮೀ.ಯ ಆಸುಪಾಸು. ಊರಿನ ಮಾತು, ಮದುವೆ, ನೌಕರಿ, ಆಸ್ಪತ್ರೆ ಎಲ್ಲದರಲ್ಲೂ ಈ ಎರಡು ಅಂತರಗಳ ಲೆಕ್ಕ ಕಾಣುತ್ತದೆ.

ಕಾರವಾರ ಎಂಬ ಹೆಸರು ಕಡವಾಡದಿಂದ ಬಂದದ್ದೆಂದು ಹೇಳುತ್ತಾರೆ. ಕಡವಾಡ ಈಗಲೂ ಇದೆ, ಕಾಳಿಯ ಗುಂಟ ಒಳನಾಡಿನ ಕಡೆಗೆ. ಹಳೆಯ ಬಂದರು ಆ ಭಾಗದಲ್ಲೇ ಇತ್ತು. 1638ರಲ್ಲಿ ಇಂಗ್ಲಿಷರ ಕೋರ್ಟೀನ್ ಸಂಘ ಇಲ್ಲಿ ಕೋಠಿ ತೆರೆಯಿತು. ಘಟ್ಟದ ಮೇಲಿನ ಕಾಳುಮೆಣಸು, ಹುಬ್ಬಳ್ಳಿ ಸೀಮೆಯ ನೇಕಾರರ ನಯವಾದ ಹತ್ತಿಬಟ್ಟೆ ಇಲ್ಲಿಂದ ಹಡಗು ಹತ್ತುತ್ತಿದ್ದವು. 1665ರಲ್ಲಿ ಶಿವಾಜಿ ಈ ದಾರಿಯಾಗಿ ಬಂದಾಗ ಊರಿನ ವ್ಯಾಪಾರಿಗಳ ಜತೆ ಇಂಗ್ಲಿಷ್ ಕೋಠಿಯೂ ಕಪ್ಪ ಕೊಟ್ಟು ಪಾರಾಯಿತು. ಆಮೇಲೆ ಸೋಂದೆಯ ಅರಸರು ನದಿಯ ಆಚೆ ದಡದ ಗುಡ್ಡದ ಮೇಲೆ ಸದಾಶಿವಗಡದ ಕೋಟೆ ಕಟ್ಟಿದರು. ಕೋಟೆಯ ಹೊಟ್ಟೆ ಸೀಳಿಕೊಂಡು ಇಂದು ಹೆದ್ದಾರಿ ಹೋಗುತ್ತದೆ. ವಾಹನದಲ್ಲಿ ಕುಳಿತವರಿಗೆ ತಾವು ಕೋಟೆಯೊಂದನ್ನು ದಾಟಿದೆವೆಂಬುದೇ ತಿಳಿಯುವುದಿಲ್ಲ.

ಈಗ ಕಾಣುವ ನಗರವನ್ನು ಹುಟ್ಟಿಸಿದ್ದು ಮಾತ್ರ ಹತ್ತಿ. ಅಮೆರಿಕದಲ್ಲಿ 1861ರಲ್ಲಿ ಅಂತರ್ಯುದ್ಧ ಶುರುವಾಗಿ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ನಿಂತುಹೋದಾಗ ಬ್ರಿಟಿಷರ ಕಣ್ಣು ಧಾರವಾಡದ ಎರೆಹೊಲಗಳ ಮೇಲೆ ಬಿತ್ತು. ಆ ಹತ್ತಿ ಸಮುದ್ರಕ್ಕಿಳಿಯಲು ಹತ್ತಿರದ ಒಳ್ಳೆಯ ಬಂದರು ಬೇಕಿತ್ತು. 1862ರಲ್ಲಿ ಉತ್ತರ ಕೆನರಾ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿಗೆ ಸೇರಿಸಿ, ಕಾರವಾರವನ್ನು ಅದರ ಕೇಂದ್ರ ಮಾಡಿದರು. ಘಟ್ಟದಿಂದ ಗಾಡಿರಸ್ತೆಗಳು ಇಳಿದವು, ಕಚೇರಿಗಳು ಎದ್ದವು, ಹಡಗುಗಳಿಗೆ ದಾರಿ ತೋರಲು ಎದುರಿನ ದೇವಗಡ ದ್ವೀಪದ ಮೇಲೆ ದೀಪಸ್ತಂಭ ನಿಂತಿತು. ಕಾರವಾರ ಇನ್ನೊಂದು ಮುಂಬಯಿ ಆಗಿಬಿಡುತ್ತದೆಂಬ ಮಾತು ಆಗ ನಿಜವಾಗಿಯೇ ಚಲಾವಣೆಯಲ್ಲಿತ್ತು.

ಆಗಲಿಲ್ಲ. ಯುದ್ಧ ಮುಗಿದು ಹತ್ತಿಯ ಬೆಲೆ ಬಿತ್ತು. ಬಯಲುಸೀಮೆಯಿಂದ ಬರಬೇಕಿದ್ದ ರೈಲು ಇತ್ತ ಇಳಿಯದೆ 1880ರ ದಶಕದಲ್ಲಿ ಗೋವಾದ ಮುರ್ಮಗೋವಾ ಬಂದರಿಗೆ ಹೋಯಿತು. ಸರಕೂ ಅದರ ಹಿಂದೆಯೇ ಹೋಯಿತು. ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗದ ಮಾತು ಈಗಲೂ ಪ್ರತಿ ಚುನಾವಣೆಯಲ್ಲಿ ಬರುತ್ತದೆ, ಕಾಡಿನ ಪ್ರಶ್ನೆ ಎದ್ದೊಡನೆ ನಿಲ್ಲುತ್ತದೆ. ಕಾರವಾರಕ್ಕೆ ರೈಲು ಬಂದದ್ದು ಕೊಂಕಣ ರೈಲ್ವೆಯಿಂದ. 1998ರಲ್ಲಿ ಮುಂಬಯಿ–ಮಂಗಳೂರು ಹಳಿ ಪೂರ್ತಿಯಾದಾಗ ನಿಲ್ದಾಣ ಎದ್ದದ್ದು ಪೇಟೆಯಲ್ಲಲ್ಲ, ಶಿರವಾಡದಲ್ಲಿ. ರೈಲಿಳಿದವರು ಊರಿಗೆ ಬರಲು ರಿಕ್ಷಾ ಹಿಡಿಯಬೇಕು.

ದೊಡ್ಡ ಬಂದರಾಗದೆ ಉಳಿದ ಈ ಊರಿಗೆ ಜಿಲ್ಲಾ ನ್ಯಾಯಾಧೀಶರಾಗಿ ಬಂದವರು ಸತ್ಯೇಂದ್ರನಾಥ ಟಾಗೋರ್, ಐ.ಸಿ.ಎಸ್. ಪಾಸಾದ ಮೊದಲ ಭಾರತೀಯ. 1880ರ ದಶಕದ ಆರಂಭದಲ್ಲಿ ಅವರ ಮನೆಗೆ ಬಂದು ಉಳಿದ ತಮ್ಮ ರವೀಂದ್ರನಾಥರಿಗೆ ಆಗ ಇಪ್ಪತ್ತೆರಡರ ಆಸುಪಾಸು. ಬೆಳದಿಂಗಳಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋಗಿ, ತಿರುಗಿ ಬರುವಾಗ ಮರಳಿನ ಮೇಲೆ ನಡೆದದ್ದನ್ನು ಅವರು ತಮ್ಮ ನೆನಪಿನ ಪುಸ್ತಕದಲ್ಲಿ ಬರೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದೂ ಇಲ್ಲಿಯೇ. ಜಗತ್ತನ್ನು ಬಿಟ್ಟೆನೆಂದುಕೊಂಡ ಸನ್ಯಾಸಿಯನ್ನು ಅನಾಥ ಹುಡುಗಿಯೊಬ್ಬಳು ಮತ್ತೆ ಜಗತ್ತಿಗೆ ಎಳೆದು ತರುವ ಕತೆ ಅದು. ಊರಿನ ದಂಡೆಗೆ ಇಂದು ರವೀಂದ್ರನಾಥ ಟಾಗೋರ್ ಕಡಲತೀರ ಎಂದೇ ಹೆಸರು. ಆದರೂ ಊರವರಿಗೆ ಅದು ಬರೀ ‘ಬೀಚು’.

ಊರಿನ ಮಾತು ಕೊಂಕಣಿ. ಕೋಮಾರಪಂತರು, ಹರಿಕಂತ್ರರು, ಖಾರ್ವಿಗಳು, ಗಾಬಿತರು, ಭಂಡಾರಿಗಳು, ದೈವಜ್ಞರು, ಸಾರಸ್ವತರು, ಕ್ರೈಸ್ತರು, ಮುಸ್ಲಿಮರು: ಮನೆಮನೆಗೂ ಕೊಂಕಣಿಯ ವರಸೆ ಬೇರೆ. ಒಂದೇ ಗಲ್ಲಿಯಲ್ಲಿ ಮೂರು ಬಗೆಯ ಕೊಂಕಣಿ ಕೇಳಿಸುವುದುಂಟು. ಕನ್ನಡ ಶಾಲೆಯದು, ಕಚೇರಿಯದು, ಘಟ್ಟದ ಮೇಲಿನಿಂದ ಬಂದ ನೌಕರರದು. ಮರಾಠಿ ಮುಂಬಯಿ ಪ್ರಾಂತ್ಯದ ಕಾಲದಿಂದ ಉಳಿದದ್ದು. ಹಿರಿಯರಲ್ಲಿ ಹಲವರು ಓದಿದ್ದೇ ಮರಾಠಿ ಶಾಲೆಯಲ್ಲಿ. ಮರಾಠಿ ಚಿತ್ರರಂಗದ ದೊಡ್ಡ ನಟಿ ಜಯಶ್ರೀ ಗಡಕರ್ ಹುಟ್ಟಿದ್ದು ಸದಾಶಿವಗಡದ ಹತ್ತಿರ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಮಹಾರಾಷ್ಟ್ರ ಕಾರವಾರದ ಮೇಲಿನ ಹಕ್ಕು ಬಿಟ್ಟುಕೊಡಲಿಲ್ಲ. ಗಡಿ ವಿವಾದದ 1967ರ ಮಹಾಜನ ವರದಿ ಆ ಹಕ್ಕನ್ನು ಒಪ್ಪಲಿಲ್ಲ. ಗಡಿಯ ಊರಿನಲ್ಲಿ ಬೋರ್ಡಿನ ಅಕ್ಷರವೂ ಸಣ್ಣ ಸಂಗತಿಯಲ್ಲ: 2022ರಲ್ಲಿ ನಗರದ ರಸ್ತೆ ಫಲಕಗಳ ಮೇಲೆ ದೇವನಾಗರಿ ಬಂದಾಗ ಅದಕ್ಕೆ ಮಸಿ ಬಳಿದ ಗಲಾಟೆಯಾಯಿತು. ಬೀದಿಯಲ್ಲಿ ಮಾತ್ರ ಭಾಷೆಯ ಜಗಳ ಕಡಿಮೆ. ಅಂಗಡಿಯವ ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುತ್ತಾನೆ, ಲೆಕ್ಕ ಹೇಳುವಾಗ ತನ್ನದಕ್ಕೆ ಮರಳುತ್ತಾನೆ.

ಮೀನುಪೇಟೆಯಲ್ಲಂತೂ ಕೊಂಕಣಿ ಬಾರದವರ ಚೌಕಾಸಿ ಬೇಗ ಮುಗಿದುಹೋಗುತ್ತದೆ. ಬುಟ್ಟಿ ಮುಂದಿಟ್ಟುಕೊಂಡು ಕುಳಿತ ಹೆಂಗಸರೇ ಇಲ್ಲಿ ಯಜಮಾನರು. ಬಂಗಡೆ, ತಾರ್ಲೆ, ಇಸ್ವಣ, ಪಾಪ್ಲೆಟ್, ಶೆಟ್ಲಿ. ಜತೆಗೆ ಕಾಳಿಯ ಅಳಿವೆಯಲ್ಲಿ ನೀರಿಳಿದಾಗ ಮೊಣಕಾಲುದ್ದ ಕೆಸರಲ್ಲಿ ನಿಂತು ಹೆಂಗಸರು ಆರಿಸಿ ತಂದ ತಿಸ್ರೆ ಚಿಪ್ಪುಗಳ ಗುಡ್ಡೆ. ತಾಜಾ ಮೀನನ್ನು ಗುರುತಿಸುವುದು ಕಿವಿರು ಎತ್ತಿ ನೋಡಿ: ಕೆಂಪಿದ್ದರೆ ಬುಟ್ಟಿಯಿಂದ ಚೀಲಕ್ಕೆ, ಕಂದಿದ್ದರೆ ಮಾತಿಲ್ಲದೆ ಮುಂದಿನ ಬುಟ್ಟಿಗೆ. ಮನೆಯಲ್ಲಿ ಬಂಗಡೆಯ ಸಾರಿಗೆ ತೆಂಗಿನಕಾಯಿ, ಒಣಮೆಣಸಿನ ಜತೆ ನಾಲ್ಕು ಕಾಳು ತೆಫಳ ಬೀಳಲೇಬೇಕು. ಘಟ್ಟದ ಮೇಲೆ ಜುಮ್ಮನಕಾಯಿ ಎನ್ನುವ ಈ ಕಾಯಿ ಇಲ್ಲದ ಬಂಗಡೆ ಸಾರನ್ನು ಇಲ್ಲಿನವರು ಸಾರೆಂದೇ ಒಪ್ಪುವುದಿಲ್ಲ. ಜತೆಗೆ ಕುಚ್ಚಲಕ್ಕಿ ಅನ್ನ. ಬೆಳಿಗ್ಗೆಯಾದರೆ ಅದೇ ಅಕ್ಕಿಯ ಪೇಜು, ಬದಿಗೆ ಸುಟ್ಟ ಒಣಮೀನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲು ಮುಚ್ಚಿರುತ್ತದೆ. ಆ 61 ದಿನಗಳಲ್ಲಿ ಊರನ್ನು ಸಾಕುವುದು ನದಿಯ ಮೀನು ಮತ್ತು ಬೇಸಿಗೆಯಲ್ಲಿ ಒಣಗಿಸಿಟ್ಟದ್ದು. ಭಾನುವಾರದ ಸಂತೆಗೆ ಘಟ್ಟದ ಮೇಲಿನ ತರಕಾರಿ ಬರುತ್ತದೆ, ಹಾಲಕ್ಕಿ ಹೆಂಗಸರು ಹಿತ್ತಲ ಸೊಪ್ಪು ತರುತ್ತಾರೆ, ಮಳೆಗಾಲಕ್ಕೆ ಮುಂಚೆ ಒಣಮೀನು ಕೊಳ್ಳುವವರದೇ ಗದ್ದಲ.

ಊರಿನ ಹಬ್ಬಗಳಲ್ಲಿ ಎರಡು ಇಲ್ಲಿಯವೇ. ಮಾರುತಿ ಗಲ್ಲಿಯ ದೇವರ ಜಾತ್ರೆಗೆ ‘ರಂಗೋಲಿ ಜಾತ್ರೆ’ ಎಂಬ ಹೆಸರಿದೆ. ಮನೆಗಳ ಮುಂದೆ ಚುಕ್ಕಿ ರಂಗೋಲಿಯಲ್ಲ, ಪುಡಿಯಲ್ಲೇ ಬಿಡಿಸಿದ ಮನುಷ್ಯರ ಮುಖಗಳು: ದೇವರು, ಸಿನಿಮಾ ನಟರು, ಆಟಗಾರರು, ಆ ವರ್ಷ ತೀರಿಕೊಂಡ ದೊಡ್ಡವರು. ಕಣ್ಣಿನ ಹೊಳಪಿಗೆಂದು ಒಂದು ಚಿಟಿಕೆ ಬಿಳಿಪುಡಿಯನ್ನು ಉಸಿರು ಬಿಗಿಹಿಡಿದು ಉದುರಿಸುತ್ತಾರೆ. ರಾತ್ರಿಯಿಡೀ ಜನ ಸಾಲುಗಟ್ಟಿ ನೋಡುತ್ತಾರೆ, ಬೆಳಗಾದರೆ ಪೊರಕೆ. ಇನ್ನೊಂದು, ಪುಷ್ಯ ಹುಣ್ಣಿಮೆಯಂದು ಕೂರ್ಮಗಡ ದ್ವೀಪದ ನರಸಿಂಹನ ಜಾತ್ರೆ. ಊರವರು ದೋಣಿ ಹತ್ತಿ ದೇವರಿಗೆ ಬಾಳೆಗೊನೆ ಒಯ್ಯುತ್ತಾರೆ. 2019ರ ಜನವರಿ 21ರಂದು ಈ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಜನ ಸತ್ತರು. ಜೀವರಕ್ಷಕ ಜಾಕೆಟ್ಟಿನ ಮಾತು ಜಾತ್ರೆಯ ಮಾತಾದದ್ದು ಆಮೇಲೆ.

ಕಾರವಾರದ ಇತ್ತೀಚಿನ ಚರಿತ್ರೆಯನ್ನು ಬರೆದದ್ದು ಎರಡು ಯೋಜನೆಗಳು. ಮೊದಲನೆಯದು ಕೈಗಾ. ಇದೇ ತಾಲ್ಲೂಕಿನ ಕಾಡಿನಲ್ಲಿ, ಕಾಳಿಯ ದಂಡೆಯ ಮೇಲೆ ಅಣುವಿದ್ಯುತ್ ಸ್ಥಾವರ ಬರುತ್ತದೆಂದಾಗ ಜಿಲ್ಲೆಯಲ್ಲಿ ದೊಡ್ಡ ವಿರೋಧ ಎದ್ದಿತು. ಶಿವರಾಮ ಕಾರಂತರು ಅದನ್ನೇ ಮುಂದಿಟ್ಟುಕೊಂಡು 1989ರಲ್ಲಿ ಲೋಕಸಭೆಗೆ ನಿಂತು ಸೋತರು. ಸ್ಥಾವರ ಬಂತು, 220 ಮೆಗಾವಾಟಿನ ನಾಲ್ಕು ಘಟಕಗಳು ಈಗ ಅಲ್ಲಿವೆ. ಮೊದಲ ಘಟಕ 962 ದಿನ ಬಿಡುವಿಲ್ಲದೆ ಓಡಿ 2018ರ ಡಿಸೆಂಬರ್ 31ರಂದು ನಿಂತಾಗ ಅದು ವಿಶ್ವದಾಖಲೆಯಾಗಿತ್ತು.

ಎರಡನೆಯದು ಸೀಬರ್ಡ್ ನೌಕಾನೆಲೆ, ನಗರದ ರೂಪವನ್ನೇ ಬದಲಿಸಿದ್ದು. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ನಗರದ ದಕ್ಷಿಣಕ್ಕಿರುವ ಅರ್ಗಾದಲ್ಲಿ ಅಡಿಗಲ್ಲಿಟ್ಟರು. 2005ರ ಮೇ 31ರಂದು ನೆಲೆ ಐ.ಎನ್.ಎಸ್. ಕದಂಬ ಎಂಬ ಹೆಸರಿನಲ್ಲಿ ಸೇವೆಗೆ ಸೇರಿತು. ವಿಮಾನವಾಹಕ ವಿಕ್ರಮಾದಿತ್ಯಕ್ಕೆ ಇದೇ ತವರು. ಇದಕ್ಕಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಕರಾವಳಿ ಹಳ್ಳಿಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋದವು. ಅವರಲ್ಲಿ ಬಹಳಷ್ಟು ಜನ ಮೀನುಗಾರರು ಮತ್ತು ಗದ್ದೆ ಇದ್ದವರು. ಪುನರ್ವಸತಿ ಕಾಲೊನಿಗಳಲ್ಲಿ ಸೈಟು ಸಿಕ್ಕಿತು. ದೋಣಿ ಎಳೆದು ನಿಲ್ಲಿಸುವ ಮರಳು ಸೈಟಿನ ಜತೆ ಬರುವಂಥದ್ದಲ್ಲ. ಪರಿಹಾರದ ಮೊತ್ತಕ್ಕಾಗಿ ಕೋರ್ಟಿಗೆ ಹೋದವರು ದಶಕಗಟ್ಟಲೆ ಕಾದರು. ಅರ್ಜಿ ಹಾಕಿದ ಅಪ್ಪನ ಹಣವನ್ನು ಮಕ್ಕಳು ತೆಗೆದುಕೊಂಡ ಮನೆಗಳಿವೆ.

ಅಂಜುದೀವವೂ ನೌಕಾನೆಲೆಯ ಪಾಲಾಯಿತು. 1498ರಲ್ಲಿ ವಾಸ್ಕೊ ಡ ಗಾಮಾ ತಂಗಿದ್ದ, 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದ ಈ ದ್ವೀಪ ಕಾರವಾರದ ಕಣ್ಣೆದುರಿಗಿದ್ದರೂ ಸೇರಿದ್ದು ಗೋವಾಕ್ಕೆ. 1961ರ ಡಿಸೆಂಬರಿನಲ್ಲಿ ಅದನ್ನು ಬಿಡಿಸಿಕೊಳ್ಳುವಾಗ ನೌಕಾಪಡೆಯ ಏಳು ಮಂದಿ ಸತ್ತರು. ಅಲ್ಲಿನ ಹಳೆಯ ಚರ್ಚಿನ ಹಬ್ಬಕ್ಕೆ ದೋಣಿಯಲ್ಲಿ ಹೋಗುತ್ತಿದ್ದವರ ಯಾತ್ರೆ ನಿಂತಿತು.

ಕಾರವಾರದವರು ಸೈನ್ಯಕ್ಕೆ ಹೊರಗಿನವರು ಎಂದು ಮಾತ್ರ ಯಾರೂ ತಿಳಿಯಬಾರದು. 1918ರಲ್ಲಿ ಹುಟ್ಟಿದ, ಇಲ್ಲಿನ ಚೆಂಡಿಯಾ ಮೂಲದ ರಾಮ ರಾಘೋಬ ರಾಣೆ 1948ರ ಏಪ್ರಿಲಿನಲ್ಲಿ ನೌಶೇರಾ–ರಜೌರಿ ದಾರಿಯ ನೆಲಬಾಂಬುಗಳನ್ನು ಗುಂಡಿನ ಮಳೆಯ ನಡುವೆ ತೆಗೆದು ಟ್ಯಾಂಕುಗಳಿಗೆ ದಾರಿ ಬಿಡಿಸಿ ಪರಮವೀರ ಚಕ್ರ ಪಡೆದವರು. ಕಡಲತೀರದಲ್ಲಿ ಕ್ಷಿಪಣಿ ದೋಣಿ ಐ.ಎನ್.ಎಸ್. ಚಪಲ್ 2006ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಪಕ್ಕದಲ್ಲಿ ನಿವೃತ್ತ ಟುಪೊಲೆವ್ ವಿಮಾನವೂ ಬಂದಿದೆ. ಪ್ರವಾಸಿಗಳು ಹೆಚ್ಚು ಫೋಟೊ ತೆಗೆಯುವುದು ಇವನ್ನೇ.

ಉದ್ಯೋಗದ ವಿಷಯದಲ್ಲಿ ನಗರ ಉತ್ತರಕ್ಕೆ ಮುಖ ಮಾಡಿದೆ. ಬಿಣಗಾದ ರಾಸಾಯನಿಕ ಕಾರ್ಖಾನೆ, ಕೈಗಾ, ನೌಕಾನೆಲೆ, ಸರ್ಕಾರಿ ಕಚೇರಿ: ಇವುಗಳಲ್ಲಿ ಜಾಗ ಸಿಗದ ಹುಡುಗರು ಗೋವಾಕ್ಕೆ ಹೋಗುತ್ತಾರೆ. ಹೋಟೆಲು, ಔಷಧ ಕಾರ್ಖಾನೆ, ಟ್ಯಾಕ್ಸಿ. ಬೆಳಿಗ್ಗೆ ಹೋಗಿ ರಾತ್ರಿ ಬರುವವರೂ ಇದ್ದಾರೆ. ಈ ಓಡಾಟಕ್ಕೆಲ್ಲ ಕಾಳಿಯ ಸೇತುವೆಯೇ ಗತಿ. 1980ರ ದಶಕದಲ್ಲಿ ಅದು ಆಗುವ ಮೊದಲು ಈಚೆ ದಡದ ಕೋಡಿಬಾಗದಿಂದ ಆಚೆ ದಡಕ್ಕೆ ದೋಣಿಯೇ ದಾರಿ. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿಗೆ ಆ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಲಾರಿಯ ಚಾವಣಿ ಹತ್ತಿ ನಿಂತ ಚಾಲಕನನ್ನು ಬದುಕಿಸಿದವರಲ್ಲಿ ಸ್ಥಳೀಯ ಮೀನುಗಾರರೂ ಇದ್ದರು. ಪಕ್ಕದ ಹೊಸ ಸೇತುವೆಯೊಂದೇ ಆಮೇಲೆ ಎರಡೂ ದಿಕ್ಕಿನ ಭಾರ ಹೊತ್ತಿತು. ಊರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದ್ದರೂ ತಲೆಗೆ ಪೆಟ್ಟಾದವರನ್ನು, ಹೃದಯಾಘಾತವಾದವರನ್ನು ಇದೇ ಸೇತುವೆ ದಾಟಿಸಿ ಗೋವಾಕ್ಕೋ, ಇಲ್ಲವೆ ದಕ್ಷಿಣಕ್ಕೆ ಮಣಿಪಾಲಕ್ಕೋ ಒಯ್ಯುವುದು ರೂಢಿ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂಬ ಕೂಗು ವರ್ಷಗಳಿಂದ ಇದೆ. ಈ ಬೇಡಿಕೆಯಲ್ಲಿ ಅತಿಯಾದದ್ದೇನೂ ಇಲ್ಲ.

ಸೀಬರ್ಡ್ ಬಂದು ದಕ್ಷಿಣದ ಕಡಲು ನೌಕಾಪಡೆಗೆ ಹೋದ ಮೇಲೆ ಬೈತಖೋಲದಿಂದ ಕಾಳಿಯ ಅಳಿವೆವರೆಗಿನ ಮರಳಷ್ಟೇ ನಗರದ ಪಾಲಿಗೆ ಉಳಿಯಿತು. ಸಾಗರಮಾಲಾ ಯೋಜನೆಯಡಿ ವಾಣಿಜ್ಯ ಬಂದರನ್ನು ಹಿಗ್ಗಿಸಲು ಇದೇ ದಂಡೆಯ ಬದಿಯಲ್ಲಿ ಅಲೆತಡೆಗೋಡೆಯ ಕೆಲಸ ಶುರುವಾದಾಗ, 2020ರ ಜನವರಿಯಲ್ಲಿ ಮೀನುಗಾರರು ನೀರಿಗಿಳಿದು ಪ್ರತಿಭಟಿಸಿದರು. ಪೇಟೆಯೂ ಬಾಗಿಲು ಹಾಕಿ ಅವರ ಬೆನ್ನಿಗೆ ನಿಂತಿತು. ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ದೊಡ್ಡ ಬಂದರಿನ 1862ರ ಆಸೆ ಮತ್ತೊಮ್ಮೆ ಬಂದು ಬಾಗಿಲು ತಟ್ಟಿದಾಗ ಈ ಸಲ ಬೇಡವೆಂದವರು ಊರಿನವರೇ.

ಆ ದಂಡೆಯಲ್ಲಿ ಹಿಂದೆ ರಂಪಣಿ ಬಲೆ ಹಾಕುತ್ತಿದ್ದರು. ಊರಿಗೆ ಊರೇ ಸೇರಿ ಎಳೆಯಬೇಕಾದಷ್ಟು ದೊಡ್ಡ ಬಲೆ ಅದು. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದು ಮೀನನ್ನು ಆಳದಲ್ಲೇ ಸುತ್ತಿಕೊಳ್ಳತೊಡಗಿದ ಮೇಲೆ ರಂಪಣಿ ಮೂಲೆ ಸೇರಿತು. ಅದರ ಚಿಕ್ಕ ತಂಗಿಯಂಥ ಏಂಡಿ ಬಲೆ ಉಳಿದಿದೆ. ದೋಣಿಯೊಂದು ಬಲೆ ಬಿಡುತ್ತ ಅರ್ಧ ಸುತ್ತು ಬರುತ್ತದೆ. ಹಗ್ಗದ ಎರಡು ತುದಿಗಳನ್ನು ದಂಡೆಯಲ್ಲಿ ಎರಡು ಸಾಲು ಜನ, ಹಿಮ್ಮಡಿಯನ್ನು ಮರಳಿಗೆ ಊರಿ, ಹಿಂದಕ್ಕೆ ಹೆಜ್ಜೆ ಹಾಕುತ್ತ ಎಳೆಯುತ್ತಾರೆ. ಬಲೆ ಬಂದ ಮೇಲೆ ಮರಳಿನ ಮೇಲೆಯೇ ಪಾಲು. ಬಲೆಯವನಿಗೆ ಒಂದು ಲೆಕ್ಕ, ದೋಣಿಗೆ ಒಂದು ಲೆಕ್ಕ, ಹಗ್ಗ ಹಿಡಿದವರಿಗೆಲ್ಲ ಒಂದೊಂದು ಪಾಲು.